ದೊಡ್ಡಮ್ಮನ ಅಂಗಡಿಗೆ ಬಂದವರೆಷ್ಟು?

ರಾತ್ರಿ ಎಂಟಾದರೆ ಸಾಕು, ಹಾಸ್ಟೆಲ್ ಮೆಸ್‌ನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವಾಗಲೇ ನನ್ನ ಫೋನ್ ರಿಂಗಾಗುತ್ತಿತ್ತು. ಸಾಗರದ ಹತ್ತಿರದ ಹಳ್ಳಿಯಿಂದ ದೊಡ್ಡಮ್ಮನ ಕರೆ. ಊಟ ಆಯ್ತಾ, ಓದ್ತಾ ಇದ್ದೀಯಾ ಎಂಬ ಪ್ರಶ್ನೆಗಳೆಲ್ಲ ಆಮೇಲೆ. ಮೊದಲನೆಯದು ಒಂದೇ: ‘ಕೂಸೇ, ಇವತ್ತು ಎಷ್ಟು ಜನ ಬಂದ್ರು?’

ಪಕ್ಕದಲ್ಲಿದ್ದ ಗೆಳತಿ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು, ‘ಏನೇ, ನಿಮ್ಮನೇಲಿ ದಿನಾ ಸಮಾರಂಭವಾ?’

ಸಮಾರಂಭ ಅಲ್ಲ, ವೆಬ್‌ಸೈಟ್. ನಾನೇ ಮಾಡಿಕೊಟ್ಟದ್ದು. ಅದಕ್ಕೆ ಎಷ್ಟು ಜನ ಬಂದರು ಎಂದು ಎಣಿಸುವ ಕೆಲಸವೂ ನನ್ನದೇ. ಎಣಿಸುವುದರಲ್ಲಿ ಏನು ಮಹಾ ಕಷ್ಟ ಎಂದುಕೊಂಡಿದ್ದೆ. ಎರಡು ವರ್ಷ ಕಂಪ್ಯೂಟರ್ ಸೈನ್ಸ್ ಓದಿದವಳಿಗೆ ಒಂದು, ಎರಡು, ಮೂರು ಎಣಿಸಲು ಬರುವುದಿಲ್ಲ ಎಂಬುದು ಗೊತ್ತಾಗಿದ್ದು ಆಮೇಲೆ.

<b>ಮಿಡಿಯ ಲೆಕ್ಕ</b>

ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಾಳೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಹೇಳಬಹುದು: ನಮ್ಮ ಕಡೆ ಹೊಳೆಯಂಚಿನ, ಕಾಡಿನಂಚಿನ ಕೆಲವು ಮಾವಿನ ಮರಗಳ ಎಳೆಗಾಯಿಗೆ ಬೇರೆಲ್ಲೂ ಸಿಗದ ಪರಿಮಳವಿದೆ. ಅದನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಬಾರದು. ಉಪ್ಪಿನಲ್ಲಿ ಹಾಕಿಟ್ಟು, ಮಿಡಿ ಚಿರುಟಿದ ಮೇಲೆ ಸಾಸಿವೆ, ಮೆಣಸಿನ ಖಾರ ಬೆರೆಸಿ ಭರಣಿಗೆ ತುಂಬಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಿಡಿಯನ್ನು ನಮ್ಮ ಕಡೆ ಎಣಿಕೆಗೆ ಮಾರುತ್ತಾರೆ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು. ಹಾಗಾಗಿ ದೊಡ್ಡಮ್ಮನಿಗೆ ಎಣಿಕೆಯೆಂದರೆ ಪಕ್ಕಾ ಎಣಿಕೆ. ಜಗುಲಿಯಲ್ಲಿ ಗೋಣಿ ಹಾಸಿಕೊಂಡು ಐದೈದಾಗಿ ಎಣಿಸುತ್ತಾ ಕೂತಳೆಂದರೆ ಸಾವಿರಕ್ಕೆ ಒಂದು ಮಿಡಿ ಕಡಿಮೆ ಬಿದ್ದರೂ ಗೊತ್ತಾಗುತ್ತದೆ.

ಇಷ್ಟು ವರ್ಷ ವ್ಯಾಪಾರ ಬಾಯಿಂದ ಬಾಯಿಗೆ ನಡೆಯುತ್ತಿತ್ತು. ಬೆಂಗಳೂರಿನ ನೆಂಟರು ಬಂದಾಗ ನಾಲ್ಕು ಬಾಟಲಿ, ಊರಿನ ಮೇಳದಲ್ಲಿ ಇಪ್ಪತ್ತು ಬಾಟಲಿ, ಹೀಗೆ. ಡಿಸೆಂಬರ್ ಕೊನೆಯಲ್ಲಿ ರಜೆಗೆ ಹೋದಾಗ ನಾನೇ ಉತ್ಸಾಹದಿಂದ ಹೇಳಿದೆ, ‘ದೊಡ್ಡಮ್ಮಾ, ಒಂದು ವೆಬ್‌ಸೈಟ್ ಮಾಡೋಣ.’ ಒಂದು ವಾರದಲ್ಲಿ ಆರು ಪುಟಗಳ ಸೈಟ್ ಸಿದ್ಧವಾಯಿತು. ಡೊಮೇನ್ ಹೆಸರಿಗೂ ಹೋಸ್ಟಿಂಗ್‌ಗೂ ನನ್ನ ಉಳಿತಾಯದ ದುಡ್ಡು. ಮುಖಪುಟದಲ್ಲಿ ಭರಣಿ, ಮಿಡಿ, ಒರಳು, ಹಿತ್ತಿಲು, ನಡುವೆ ಸೆರಗು ಸರಿಮಾಡಿಕೊಂಡು ನಿಂತ ದೊಡ್ಡಮ್ಮ, ಎಲ್ಲ ಸೇರಿ ಹದಿನಾಲ್ಕು ಫೋಟೊ.

ಸೈಟ್ ಶುರುವಾಗಿ ಹತ್ತು ದಿನಕ್ಕೆ ದೊಡ್ಡಮ್ಮ ಕೇಳಿದಳು, ‘ಅಲ್ವೇ, ಅಂಗಡಿ ಆದ್ರೆ ಬಂದವರು ಕಣ್ಣಿಗೆ ಕಾಣ್ತಾರೆ. ಇದಕ್ಕೆ ಜನ ಬರ್ತಾರೋ ಇಲ್ವೋ ಹೇಗೆ ತಿಳಿಯೋದು?’

ಅದೆಲ್ಲ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ ಎಂದು ಗತ್ತಿನಿಂದ ಹೇಳಿ ಹೋಸ್ಟಿಂಗ್‌ನ ಪುಟ ತೆರೆದೆ. ಅಲ್ಲೊಂದು ಅಂಕಿ ಅಂಶದ ವಿಭಾಗವಿತ್ತು. ದೊಡ್ಡ ಅಕ್ಷರದಲ್ಲಿ 2,340 ಎಂದಿತ್ತು. ನಾನು ಹಿಂದೆಮುಂದೆ ನೋಡಲಿಲ್ಲ. ‘ಎರಡು ಸಾವಿರದ ಮುನ್ನೂರ ನಲವತ್ತು ಜನ ಬಂದಿದಾರೆ ದೊಡ್ಡಮ್ಮಾ!’ ಎಂದು ಕೂಗಿದೆ.

ಮರುದಿನದೊಳಗೆ ಆ ಸಂಖ್ಯೆ ಇಡೀ ಊರಿಗೆ ಗೊತ್ತಾಗಿತ್ತು.

ಅದೇ ವಾರ ಮಿಡಿ ಕೊಯ್ಯುವವನು ಮುಂಗಡದ ಮಾತಿಗೆ ಬಂದ. ಮರಗಳು ಹೂ ಬಿಡುವ ಕಾಲದಲ್ಲೇ ಯಾರಿಗೆ ಎಷ್ಟು ಸಾವಿರ ಎಂದು ಮಾತಾಗುತ್ತದೆ. ಪ್ರತಿ ವರ್ಷ ದೊಡ್ಡಮ್ಮ ನಾಲ್ಕು ಸಾವಿರ ಮಿಡಿ ಹೇಳುತ್ತಿದ್ದಳು. ಈ ಸಲ ಹತ್ತು ಸಾವಿರ ಎಂದಳು. ದುಡ್ಡಿಗೆ? ‘ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಿದ್ದೇನೆ. ಎರಡು ಸಾವಿರ ಜನ ಬಂದು ನೋಡಿಹೋಗಿದ್ದಾರೆ ಅಂದ್ರೆ ಅರ್ಧ ಜನ ಆದ್ರೂ ತಗೊಳ್ದೇ ಇರ್ತಾರಾ?’

ಆಗ ನನಗೆ ಖುಷಿಯೇ ಆಗಿತ್ತು. ಹಾಸ್ಟೆಲ್‌ಗೆ ಮರಳಿದ ಮೇಲೆ ಒಂದು ರಾತ್ರಿ ನಿದ್ದೆ ಬರಲಿಲ್ಲ. 2,340 ಜನ ಬಂದಿದ್ದರೆ ಆರ್ಡರ್ ಮೂರೇ ಏಕೆ? ಆ ಮೂರೂ ಬೆಂಗಳೂರಿನ ನೆಂಟರದ್ದೇ ಏಕೆ?

<b>ಹಿಟ್ ಎಂದರೆ ಜನ ಅಲ್ಲ</b>

ಮತ್ತೆ ಅದೇ ಪುಟ ತೆರೆದು ಈ ಸಲ ಸಂಖ್ಯೆಯ ಮೇಲಿನ ತಲೆಬರಹ ಓದಿದೆ. ‘ಹಿಟ್ಸ್’ ಎಂದಿತ್ತು. ಭೇಟಿ ಎಂದಲ್ಲ, ಜನ ಎಂದೂ ಅಲ್ಲ.

ವೆಬ್‌ಸೈಟ್ ಇರುವ ಕಂಪ್ಯೂಟರನ್ನು ಸರ್ವರ್ ಅನ್ನುತ್ತೇವೆ. ಯಾರಾದರೂ ಅದರಿಂದ ಒಂದು ಕಡತ ಕೇಳಿದಾಗಲೆಲ್ಲ ಅದು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ಸಮಸ್ಯೆಯೇನೆಂದರೆ ಒಂದು ಪುಟ ಎಂದರೆ ಒಂದು ಕಡತವಲ್ಲ. ನಮ್ಮ ಮುಖಪುಟದಲ್ಲಿ ಬರಹದ್ದೊಂದು, ಫೋಟೊಗಳು ಹದಿನಾಲ್ಕು, ಜೊತೆಗೆ ಬಣ್ಣ, ವಿನ್ಯಾಸ, ಅಕ್ಷರಗಳ ಕಡತಗಳು. ಕೂತು ಎಣಿಸಿದರೆ ಒಟ್ಟು ಇಪ್ಪತ್ತೆರಡು! ಒಬ್ಬರು ಮೊದಲ ಸಲ ಬಂದು ಒಂದೇ ಪುಟ ನೋಡಿಹೋದರೂ ಲಾಗ್‌ನಲ್ಲಿ ಇಪ್ಪತ್ತೆರಡು ಹಿಟ್. ನಾನು ಇನ್ನೂ ನಾಲ್ಕು ಫೋಟೊ ಸೇರಿಸಿದ್ದರೆ ದೊಡ್ಡಮ್ಮನ ‘ಗಿರಾಕಿಗಳು’ ಇನ್ನೂ ಹೆಚ್ಚಾಗುತ್ತಿದ್ದರು.

ಮತ್ತೊಂದು ವಿಷಯವೂ ಇತ್ತು. ಲಾಗ್‌ನ ಸಾಲುಗಳನ್ನು ಓದುತ್ತಾ ಹೋದರೆ ಬಹಳಷ್ಟು ಮನುಷ್ಯರದ್ದೇ ಅಲ್ಲ. ಹುಡುಕಾಟದ ಕಂಪನಿಗಳು ಅಂತರ್ಜಾಲವನ್ನೆಲ್ಲ ಓದಿಟ್ಟುಕೊಳ್ಳಲು ಬಿಡುವ ಬಾಟ್ ಎಂಬ ತಂತ್ರಾಂಶಗಳು, ಹೊಸ ಸೈಟ್ ಕಂಡ ಕೂಡಲೇ ಬೀಗ ಸಡಿಲವಾಗಿದೆಯಾ ಎಂದು ಅಲ್ಲಾಡಿಸಿ ನೋಡುವ ಕಳ್ಳ ಬಾಟ್‌ಗಳು. ನಮ್ಮ ಸೈಟ್‌ನಲ್ಲಿ ಇಲ್ಲದೇ ಇರುವ ಲಾಗಿನ್ ಪುಟವನ್ನು ಯಾರೋ ಒಂದೇ ರಾತ್ರಿ ನೂರಾರು ಸಲ ಕೇಳಿದ್ದರು. ಉಪ್ಪಿನಕಾಯಿ ಕೊಳ್ಳುವವರು ಹಾಗೆ ಮಾಡುವುದಿಲ್ಲ.

ಈ ಗೊಂದಲ ಹೊಸದಲ್ಲ. ವೆಬ್ ಶುರುವಾದ 1990ರ ದಶಕದಲ್ಲಿ ಎಣಿಕೆಯೆಂದರೆ ಹೆಚ್ಚಾಗಿ ಈ ಲಾಗ್ ಎಣಿಕೆಯೇ ಆಗಿತ್ತು. ಬಂದವರು ಹೊಸಬರೋ ಹಳಬರೋ ಎಂದು ಸರ್ವರ್‌ಗೆ ತಿಳಿಯುತ್ತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕಿ ಎಂಬ ಉಪಾಯ ಕಂಡುಹಿಡಿದರು. ಬಂದವರ ಬ್ರೌಸರ್‌ನಲ್ಲಿ ಒಂದು ಚಿಕ್ಕ ಗುರುತು ಬಿಟ್ಟು, ಮುಂದಿನ ಸಲ ಅದನ್ನು ನೋಡಿ ‘ಓ, ಇವರು ಮೊದಲೂ ಬಂದಿದ್ದರು’ ಎಂದು ತಿಳಿಯುವುದು. ಕುಕಿಯ ಮೊದಲ ಬಳಕೆಯೂ ಅದಕ್ಕೇ ಆಗಿತ್ತು: ನೆಟ್‌ಸ್ಕೇಪ್ ಸೈಟ್‌ಗೆ ಬಂದವರು ಮೊದಲು ಬಂದಿದ್ದಾರೋ ಇಲ್ಲವೋ ಎಂದು ನೋಡುವುದು.

ಸರಿ, ಹಾಗಾದರೆ ಜನರನ್ನೇ ಎಣಿಸುವ ಸಾಧನ ಹಾಕೋಣ ಎಂದು ಹೊರಟೆ.

<b>ಮೊದಲ ಗಿರಾಕಿ ನಾನೇ</b>

ಗೂಗಲ್ ಅನಲಿಟಿಕ್ಸ್ ಹೆಸರು ಕೇಳಿರುತ್ತೀರಿ. ಗೂಗಲ್ 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ನವೆಂಬರ್‌ನಲ್ಲಿ ಇದನ್ನು ಉಚಿತವಾಗಿ ಬಿಟ್ಟಿತು. ಈಗ ಇರುವುದು ಅದರ ನಾಲ್ಕನೇ ರೂಪ. ಹಳೆಯದು 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹಾಗಾಗಿ ಯೂಟ್ಯೂಬ್‌ನ ಹಳೆಯ ಪಾಠ ನೋಡಿ ಶುರುಮಾಡಿದರೆ ಅವರು ತೋರಿಸುವ ಬಟನ್‌ಗಳೇ ಇಲ್ಲಿ ಕಾಣಿಸುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಹಾಗೆ ಹುಡುಕಿದ್ದೇನೆ.

ಹಾಕುವುದು ಸುಲಭ. ಖಾತೆ ತೆರೆದು, ಸಮಯ ಭಾರತದ್ದು, ಹಣ ರೂಪಾಯಿ ಎಂದು ಆರಿಸಬೇಕು. ಸಮಯ ತಪ್ಪಾದರೆ ನಮ್ಮ ಬೆಳಗಿನ ಗಿರಾಕಿ ಅಲ್ಲಿ ಹಿಂದಿನ ದಿನದವರಾಗಿಬಿಡುತ್ತಾರೆ. ಸೈಟ್‌ನ ವಿಳಾಸ ಕೊಟ್ಟರೆ ‘ಜಿ’ ಅಕ್ಷರದಿಂದ ಶುರುವಾಗುವ ಒಂದು ಗುರುತಿನ ಸಂಖ್ಯೆಯೂ ಕೆಲವು ಸಾಲಿನ ಕೋಡೂ ಸಿಗುತ್ತದೆ. ಆ ಕೋಡನ್ನು ಪ್ರತಿ ಪುಟದ ‘ಹೆಡ್’ ಭಾಗದಲ್ಲಿ ಅಂಟಿಸಬೇಕು. ಪುಟ ತೆರೆದವರ ಬ್ರೌಸರ್‌ನಲ್ಲಿ ಅದು ಓಡಿ, ‘ಒಬ್ಬರು ಬಂದರು, ಈ ಪುಟ ನೋಡಿದರು’ ಎಂದು ಸುದ್ದಿ ಮುಟ್ಟಿಸುತ್ತದೆ.

ಅಂಟಿಸಿದೆ. ‘ರಿಯಲ್ ಟೈಮ್’ ಎಂಬ ಪುಟ ಕಳೆದ ಮೂವತ್ತು ನಿಮಿಷದಲ್ಲಿ ಬಂದವರನ್ನು ತೋರಿಸುತ್ತದೆ. ಅಲ್ಲಿ ಇದ್ದಕ್ಕಿದ್ದಂತೆ ‘1’ ಕಾಣಿಸಿತು. ಕುಣಿದಾಡಿಬಿಟ್ಟೆ. ಯಾರೋ ಬಂದಿದ್ದಾರೆ! ಅರ್ಧ ನಿಮಿಷದ ಮೇಲೆ ಹೊಳೆಯಿತು, ಅದು ನಾನೇ. ಪಕ್ಕದ ಟ್ಯಾಬ್‌ನಲ್ಲಿ ಸೈಟ್ ತೆರೆದಿಟ್ಟಿದ್ದೆ. ಫೋನ್‌ನಲ್ಲಿ ತೆರೆದೆ, 2 ಆಯಿತು.

ವಾರ ಕಳೆದ ಮೇಲೆ ನೋಡಿದರೆ 61 ಜನ, 412 ಪುಟವೀಕ್ಷಣೆ. 2,340ರಿಂದ 61ಕ್ಕೆ ಇಳಿದದ್ದೇ ಹೊಟ್ಟೆಯಲ್ಲಿ ಸಂಕಟ. ಆದರೆ ಅದೂ ಸರಿಯಿಲ್ಲ ಎಂಬ ಅನುಮಾನ ಬೇಗನೆ ಹುಟ್ಟಿತು. ಯಾವ ಪುಟದ ಲೆಕ್ಕ ನೋಡಿದರೂ ಸಮಸಂಖ್ಯೆಯೇ! ಹನ್ನೆರಡು, ನಲವತ್ತು, ಆರು. ಹುಡುಕಿದಾಗ ಸಿಕ್ಕಿತು. ಕೋಡನ್ನು ನಾನೇ ಅಂಟಿಸಿದ್ದೆನಷ್ಟೇ, ಅದಕ್ಕೂ ಮೊದಲು ಸೈಟ್‌ನ ಸೆಟ್ಟಿಂಗ್‌ನಲ್ಲಿದ್ದ ಒಂದು ಖಾಲಿ ಚೌಕದಲ್ಲೂ ಅದೇ ಗುರುತಿನ ಸಂಖ್ಯೆ ತುಂಬಿ ಮರೆತಿದ್ದೆ. ಪ್ರತಿ ಪುಟವೀಕ್ಷಣೆಯೂ ಎರಡು ಸಲ ಲೆಕ್ಕಕ್ಕೆ ಸಿಗುತ್ತಿತ್ತು. ಒಂದನ್ನು ಅಳಿಸಿದೆ.

ಆಮೇಲೆ ಊರುಗಳ ಪಟ್ಟಿ. ಬೆಂಗಳೂರು 27, ಶಿವಮೊಗ್ಗ 9, ಮುಂಬೈ 6, ಆ್ಯಶ್‌ಬರ್ನ್ 11. ಉಳಿದವು ಬಿಡಿಬಿಡಿ. ಆ್ಯಶ್‌ಬರ್ನ್ ಎಲ್ಲಿದೆ ಎಂದು ನೋಡಿದರೆ ಅಮೆರಿಕದ ವರ್ಜೀನಿಯಾದಲ್ಲಿ. ರಾತ್ರಿಯ ಕರೆಯಲ್ಲಿ ಬಾಯಿ ಬಿಟ್ಟೆ. ದೊಡ್ಡಮ್ಮ ಒಂದು ಕ್ಷಣ ಸುಮ್ಮನಿದ್ದು, ‘ಮೇಲಿನ ಮನೆ ಮಾಣಿ ಅಮೆರಿಕದಲ್ಲೇ ಇದ್ದಾನಲ್ಲೇ. ಪಾಪ, ನೆನಪಿಟ್ಟುಕೊಂಡು ಹನ್ನೊಂದು ಸಲ ನೋಡಿದ್ದಾನೆ’ ಎಂದಳು. ಅವಳ ದನಿ ಸ್ವಲ್ಪ ಗದ್ಗದವಾಗಿತ್ತು.

ನಾನು ಆ ರಾತ್ರಿ ಓದಿ ತಿಳಿದುಕೊಂಡೆ. ಆ್ಯಶ್‌ಬರ್ನ್ ಸುತ್ತಮುತ್ತ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳ ಸಾಲೇ ಇದೆ. ಅಲ್ಲಿನ ಕಂಪ್ಯೂಟರ್‌ಗಳಲ್ಲಿ ಓಡುವ ತಂತ್ರಾಂಶಗಳು ಜಗತ್ತಿನ ಸೈಟ್‌ಗಳನ್ನು ತೆರೆದು ನೋಡುತ್ತಿರುತ್ತವೆ. ಗೊತ್ತಿರುವ ಬಾಟ್‌ಗಳನ್ನು ಅನಲಿಟಿಕ್ಸ್ ತಾನೇ ಹೊರಗಿಡುತ್ತದೆ, ಆದರೆ ಮನುಷ್ಯರ ಬ್ರೌಸರ್‌ನಂತೆಯೇ ವರ್ತಿಸುವವು ಕೆಲವು ನುಸುಳುತ್ತವೆ. ನಮ್ಮ ಹನ್ನೊಂದು ‘ಜನ’ರೂ ಪುಟದ ಮೇಲೆ ನಿಂತ ಸಮಯ ಸೊನ್ನೆ ಸೆಕೆಂಡು. ಮೇಲಿನ ಮನೆ ಮಾಣಿ ಅಲ್ಲ.

ಊರುಗಳ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಊರನ್ನು ಊಹಿಸುವುದು ಇಂಟರ್ನೆಟ್ ವಿಳಾಸದಿಂದ. ಮೊಬೈಲ್ ಡೇಟಾ ಬಳಸುವವರ ವಿಳಾಸ ಎಷ್ಟೋ ಸಲ ದೂರದ ದೊಡ್ಡ ನಗರದ್ದಾಗಿ ಕಾಣುತ್ತದೆ. ದೊಡ್ಡಮ್ಮನದೇ ಫೋನ್‌ನಿಂದ ಸೈಟ್ ತೆರೆದು ಪರೀಕ್ಷಿಸಲು ಹೇಳಿದೆ. ಅವಳು ತನ್ನ ಅಡುಗೆಮನೆಯಲ್ಲಿ ಕೂತು ಬೆಂಗಳೂರಿನವಳಾಗಿದ್ದಳು!

ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ. ಸೈಟ್ ಹೇಗೆ ಕಾಣುತ್ತದೆಂದು ದಿನಕ್ಕೆ ಹತ್ತು ಸಲ ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ತೆರೆದು ನೋಡುತ್ತಿದ್ದೆ. ಆ ಕಿಟಕಿ ಮುಚ್ಚಿದ ಕೂಡಲೇ ಕುಕಿ ಅಳಿಸಿಹೋಗುತ್ತದೆ. ಮತ್ತೆ ತೆರೆದರೆ ನಾನು ಹೊಸ ಮನುಷ್ಯಳು. ನಾನೊಬ್ಬಳೇ ಇಪ್ಪತ್ತು ಜನರಾಗಿದ್ದೆ. ತಮ್ಮ, ಅಪ್ಪ, ಅಮ್ಮ ತಲಾ ಎರಡು ಸಾಧನಗಳಲ್ಲಿ. ದೊಡ್ಡಮ್ಮನಂತೂ ತನ್ನ ಫೋಟೊ ಸರಿಯಾಗಿದೆಯೇ ಎಂದು ಬೆಳಿಗ್ಗೆ ಸಂಜೆ ನೋಡುತ್ತಿದ್ದಳು. ಇದಕ್ಕೆ ಉಲ್ಟಾ ಕೂಡ ಇದೆ. ನಮ್ಮೂರಿನ ಕೆಲವು ಮನೆಗಳಲ್ಲಿ ಒಂದೇ ಸ್ಮಾರ್ಟ್‌ಫೋನ್. ನಾಲ್ಕು ಜನ ಸೇರಿ ನೋಡಿದರೂ ಲೆಕ್ಕದಲ್ಲಿ ಒಬ್ಬರೇ. ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡವರು ಎಷ್ಟೋ ಸಲ ಲೆಕ್ಕಕ್ಕೇ ಸಿಗುವುದಿಲ್ಲ. ಯಂತ್ರ ಎಣಿಸುವುದು ಬ್ರೌಸರ್‌ಗಳನ್ನು, ಮುಖಗಳನ್ನಲ್ಲ.

ನಮ್ಮನ್ನು ನಾವು ಲೆಕ್ಕದಿಂದ ತೆಗೆಯುವುದಕ್ಕೂ ದಾರಿಯಿದೆ. ಆಫೀಸಿನ ಇಂಟರ್ನೆಟ್ ವಿಳಾಸ ಕೊಟ್ಟರೆ ಅನಲಿಟಿಕ್ಸ್ ಅದನ್ನು ‘ಒಳಗಿನವರು’ ಎಂದು ಸೋಸುತ್ತದೆ. ಆ ಸೋಸಣಿಗೆ ಮೊದಲು ಬರೀ ಪರೀಕ್ಷೆಯ ಸ್ಥಿತಿಯಲ್ಲಿರುತ್ತದೆ, ನಾವೇ ಅದನ್ನು ಚಾಲೂ ಮಾಡಬೇಕು. ಆದರೆ ನಮ್ಮ ಮೊಬೈಲ್‌ಗಳ ವಿಳಾಸ ಬದಲಾಗುತ್ತಲೇ ಇರುತ್ತದಲ್ಲ? ಅದಕ್ಕೆ ಒಂದು ಗುಟ್ಟಿನ ಪುಟ ಮಾಡಿದೆ. ಮನೆಯವರು ತಮ್ಮ ಫೋನ್‌ನಲ್ಲಿ ಒಮ್ಮೆ ಅದನ್ನು ತೆರೆದರೆ ಆ ಬ್ರೌಸರ್‌ನಲ್ಲಿ ಒಂದು ಗುರುತು ಉಳಿಯುತ್ತದೆ, ಗುರುತಿದ್ದರೆ ಎಣಿಸುವ ಕೋಡ್ ಓಡುವುದಿಲ್ಲ. ನನ್ನ ಪ್ರಯೋಗಗಳಿಗೆ ಲ್ಯಾಪ್‌ಟಾಪ್‌ನಲ್ಲೇ ಸೈಟ್‌ನ ಬೇರೆ ಪ್ರತಿ ಇಟ್ಟುಕೊಂಡೆ. ಹಿಂದಿನ ಲೆಕ್ಕ ಮಾತ್ರ ತಿದ್ದಲಾಗುವುದಿಲ್ಲ, ಸೋಸುವುದೇನಿದ್ದರೂ ಮುಂದೆ ಬರುವುದನ್ನು. ಹಾಗಾಗಿ ಒಂದು ಸೋಮವಾರದಿಂದ ಹೊಸದಾಗಿ ಎಣಿಸಲು ಶುರುಮಾಡಿದೆ.

ಮುಂದಿನ ಸೋಮವಾರ, ಡೇಟಾ ಸೆಂಟರ್‌ಗಳನ್ನೂ ಬಿಟ್ಟು, ಉಳಿದವರು 19 ಜನ.

<b>ಬಸ್ಸು ಹತ್ತಿದ ಭಾನುವಾರ</b>

ಇದನ್ನು ಫೋನ್‌ನಲ್ಲಿ ಹೇಳುವ ಧೈರ್ಯ ಬರಲಿಲ್ಲ. ನನ್ನ ಒಂದು ಕೂಗಿನಿಂದ ಅವಳು ಸಾಲದ ಅರ್ಜಿ ಹಾಕಿದ್ದಳು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಶುರುಮಾಡಲಿ ಎಂದು ಮಾತು ಜೋಡಿಸಿದ್ದೆ. ಮನೆ ಮುಟ್ಟಿದಾಗ ಎಲ್ಲ ಮರೆತುಹೋಯಿತು. ‘ದೊಡ್ಡಮ್ಮಾ, ಎರಡು ಸಾವಿರ ಜನ ಬಂದಿಲ್ಲ. ನಾನು ತಪ್ಪು ಓದಿದ್ದು. ವಾರಕ್ಕೆ ಹತ್ತೊಂಬತ್ತು ಜನ’ ಎಂದು ಒಂದೇ ಉಸಿರಿಗೆ ಹೇಳಿದೆ.

ದೊಡ್ಡಮ್ಮ ಬೈಯಲಿಲ್ಲ. ಕಾಫಿ ಸೋಸುತ್ತಿದ್ದವಳು ಸೋಸಿ ಮುಗಿಸಿದಳು. ಆಮೇಲೆ ಹೇಳಿದಳು, ‘ಉಪ್ಪಲ್ಲಿ ಹಾಕಿದ್ರೆ ಮಿಡಿ ಚಿರುಟ್ತದೆ. ಆದ್ರೆ ಸಾವಿರ ಹಾಕಿದ್ದು ಸಾವಿರವೇ ಇರ್ತದೆ. ನಿನ್ನ ಕಂಪ್ಯೂಟರ್‌ನಲ್ಲಿ ಎಣಿಕೆಯೇ ಚಿರುಟ್ತಲ್ಲೇ ಮಾರಾಯ್ತಿ!’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳೇ ನಕ್ಕಳು, ನಂತರ ನಾನೂ ನಕ್ಕೆ. ನಗು ಮುಗಿದ ಮೇಲೆ ಅವಳು ಕೇಳಿದ ಪ್ರಶ್ನೆ, ಇಷ್ಟು ದಿನ ನನಗೆ ಹೊಳೆಯದೇ ಇದ್ದದ್ದು. ‘ಅದಿರ್ಲಿ, ಆ ಹತ್ತೊಂಬತ್ತು ಜನ ಎಲ್ಲಿಂದ ಬಂದ್ರು? ಅವರಿಗೆ ಯಾರು ಹೇಳಿದ್ರು?’

ಹೌದಲ್ಲ! ಎಷ್ಟು ಜನ ಎಂಬುದರ ಹಿಂದೆಯೇ ಓಡುತ್ತಿದ್ದೆ, ಯಾವ ದಾರಿಯಿಂದ ಬಂದರು ಎಂದು ನೋಡಿರಲೇ ಇಲ್ಲ. ತೆಗೆದು ನೋಡಿದರೆ ಹೆಚ್ಚಿನವರ ಮುಂದೆ ‘ಡೈರೆಕ್ಟ್’ ಎಂದಿತ್ತು. ನೇರವಾಗಿ ಬಂದವರು ಎಂದು ಅರ್ಥವಾದರೂ, ನಿಜದಲ್ಲಿ ಅದು ‘ಎಲ್ಲಿಂದ ಬಂದರೋ ತಿಳಿಯದು’ ಎಂಬುದರ ಮರ್ಯಾದಸ್ಥ ಹೆಸರು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರೂ ಸಾಮಾನ್ಯವಾಗಿ ಅದೇ ಗುಂಪಿಗೆ ಬೀಳುತ್ತಾರೆ.

ಇದಕ್ಕೊಂದು ಹಳೆಯ ಉಪಾಯವಿದೆ. ಲಿಂಕ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದರ ಮುಂದೆ ‘ಇದು ಇಂಥ ಕಡೆಯ ಲಿಂಕ್’ ಎಂದು ಬಾಲ ಅಂಟಿಸುವುದು. ಯುಟಿಎಂ ಎನ್ನುತ್ತಾರೆ. ಅದರಲ್ಲಿರುವ ಮೊದಲ ಅಕ್ಷರ ಆ ಹಳೆಯ ಅರ್ಚಿನ್ ಕಂಪನಿಯ ನೆನಪು. ಪುಟ ಅದೇ, ಬಾಲ ಮಾತ್ರ ಬೇರೆ. ನಾವು ಮೂರು ಬಾಲ ಮಾಡಿದೆವು. ಒಂದು ದೊಡ್ಡಮ್ಮನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ. ಒಂದು ಬೆಂಗಳೂರಿನ ಅತ್ತಿಗೆಯ ಅಪಾರ್ಟ್‌ಮೆಂಟ್ ಗ್ರೂಪ್‌ಗೆ. ಮೂರನೆಯದು ದೊಡ್ಡಮ್ಮನದೇ ಯೋಚನೆ. ‘ಬಾಟಲಿ ಮೇಲೆ ಚೀಟಿ ಅಂಟಿಸ್ತೇವಲ್ಲ, ಅದ್ರಲ್ಲಿ ಆ ಚೌಕಚೌಕದ್ದು ಹಾಕೋಕೆ ಬರಲ್ವಾ?’ ಕ್ಯೂಆರ್ ಕೋಡ್! ಸಾಗರದ ಪ್ರೆಸ್‌ನಲ್ಲಿ ಚೀಟಿ ಮಾಡಿಸಿ, ಮಾರಾಟಕ್ಕಿದ್ದ ಕಳೆದ ವರ್ಷದ ಉಪ್ಪಿನಕಾಯಿ ಬಾಟಲಿಗಳಿಗೆ ಅಂಟಿಸಿದೆವು.

ಮಿಡಿಯವನಿಗೆ ‘ಒಂದು ತಿಂಗಳು ತಡಿ’ ಎಂದು ಹೇಳಿ ಕಳಿಸಿದಳು. ಸಾಲದ ಅರ್ಜಿಯೂ ಅಲ್ಲಿಯೇ ನಿಂತಿತು.

ಫೆಬ್ರುವರಿ ಕೊನೆಗೆ ಲೆಕ್ಕ ನೋಡಿದೆವು. ತಿಂಗಳಿಗೆ 87 ಜನ. ಅದರಲ್ಲಿ 52 ಜನ ಬಂದದ್ದು ಬಾಟಲಿಯ ಚೀಟಿಯಿಂದ! ಅಪಾರ್ಟ್‌ಮೆಂಟ್ ಗ್ರೂಪ್‌ನಿಂದ 21, ಉಳಿದ 14 ಜನ ಸ್ಟೇಟಸ್ ನೋಡಿ ಮತ್ತು ಬೇರೆ ಕಡೆಯಿಂದ. ಸೈಟ್‌ನ ‘ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಮಾಡಿ’ ಗುಂಡಿ ಒತ್ತಿದ್ದು 31 ಸಲ. ಹೊರಗಿನ ಲಿಂಕ್‌ಗಳ ಮೇಲಿನ ಒತ್ತುಗಳನ್ನು ಅನಲಿಟಿಕ್ಸ್ ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ. ದೊಡ್ಡಮ್ಮನ ಪುಸ್ತಕದಲ್ಲಿದ್ದ ಆರ್ಡರ್ 23.

ಇನ್ನೊಂದು ಅಚ್ಚರಿ. ನಾನು ಕಷ್ಟಪಟ್ಟು ಬರೆದ ‘ನಮ್ಮ ಪರಂಪರೆ’ ಪುಟವನ್ನು ಹತ್ತು ಸೆಕೆಂಡು ಓದಿದವರೂ ಕಡಿಮೆ. ಎಲ್ಲರೂ ಹೆಚ್ಚು ಹೊತ್ತು ನಿಂತದ್ದು ದೊಡ್ಡಮ್ಮ ಬಾಯಲ್ಲಿ ಹೇಳಿ ನಾನು ಬರೆದುಕೊಂಡ ‘ಬಾಟಲಿ ತೆಗೆದ ಮೇಲೆ ಹಾಳಾಗದಂತೆ ಇಡುವುದು ಹೇಗೆ’ ಎಂಬ ಪುಟದಲ್ಲಿ. ಅಂದರೆ ಬರುವವರು ಬಹುಪಾಲು ಈಗಾಗಲೇ ಉಪ್ಪಿನಕಾಯಿ ತಿಂದವರು. ರುಚಿ ನೋಡಿದವರೇ ಮತ್ತೆ ಹುಡುಕಿಕೊಂಡು ಬರುತ್ತಿದ್ದಾರೆ. ‘ಹಾಗಾದ್ರೆ ಜಾಹೀರಾತಿಗೆ ದುಡ್ಡು ಹಾಕೋದು ಬೇಡ, ಚಿಕ್ಕ ಬಾಟಲಿ ಮಾಡೋಣ. ಒಂದು ಸಲ ತಿನ್ನಲಿ’ ಎಂದಳು ದೊಡ್ಡಮ್ಮ. ಮಿಡಿಯವನಿಗೆ ಐದೂವರೆ ಸಾವಿರ ಹೇಳಿದಳು. ಸಾಲ ಬೇಕಾಗಲಿಲ್ಲ.

<b>‘ಅವರಿಗೆ ಗೊತ್ತಾ?’</b>

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದು ಲೆಕ್ಕ ನೋಡುತ್ತಿದ್ದಾಗ ದೊಡ್ಡಮ್ಮ ಪರದೆಯತ್ತ ಬಗ್ಗಿ ನೋಡಿ, ‘ಎಷ್ಟು ಹೊತ್ತು ನಿಂತ್ರು, ಯಾವ ಫೋನು, ಯಾವ ಊರು, ಎಲ್ಲ ಕಾಣ್ತದಲ್ಲೇ. ನಾವು ಹೀಗೆ ನೋಡ್ತಾ ಇದ್ದೇವೆ ಅಂತ ಅವರಿಗೆ ಗೊತ್ತಾ?’ ಎಂದಳು.

ಇಲ್ಲ ಎಂದೆ.

‘ಮನೆಗೆ ಬಂದವರನ್ನ ಬಾಗಿಲ ಸಂದಿಯಿಂದ ನೋಡಿದ ಹಾಗಾಗ್ಲಿಲ್ವಾ?’

ಕ್ಲಾಸಿನಲ್ಲಿ ಖಾಸಗಿತನದ ಬಗ್ಗೆ ಪಾಠ ಕೇಳಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ್ದು. 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆಂದೇ ಸಂಸತ್ತು ಕಾಯ್ದೆ ಮಾಡಿತು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಾನು ಮಾಡಿದ ಸೈಟ್‌ಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ ದೊಡ್ಡಮ್ಮನಿಗೆ ಪಾಠವಿಲ್ಲದೆಯೇ ಹೊಳೆಯಿತು.

ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದು ಕೂತೆವು. ಬಂದವರ ಹೆಸರಾಗಲಿ, ಫೋನ್ ನಂಬರಾಗಲಿ ನಮಗೆ ಕಾಣುವುದಿಲ್ಲ ಎಂಬುದು ಸಮಾಧಾನ. ಈಗಿನ ಅನಲಿಟಿಕ್ಸ್ ಇಂಟರ್ನೆಟ್ ವಿಳಾಸವನ್ನೂ ಉಳಿಸಿಕೊಳ್ಳುವುದಿಲ್ಲ. ಆದರೆ ಅದು ಬಿಡುವ ಕುಕಿ ಬ್ರೌಸರ್‌ನಲ್ಲಿ ಎರಡು ವರ್ಷದವರೆಗೆ ಇರಬಲ್ಲದು. ‘ಗೂಗಲ್ ಸಿಗ್ನಲ್ಸ್’ ಎಂಬುದನ್ನು ನಾನು ಓದದೆಯೇ ‘ಆನ್’ ಮಾಡಿದ್ದೆ. ಗೂಗಲ್ ಖಾತೆಗೆ ಲಾಗಿನ್ ಆಗಿ, ತಕ್ಕ ಅನುಮತಿ ಕೊಟ್ಟವರ ಮಾಹಿತಿಯನ್ನು ಇಲ್ಲಿನ ಲೆಕ್ಕದ ಜೊತೆ ಬೆಸೆಯುವ ಸೌಲಭ್ಯ ಅದು. ಉಪ್ಪಿನಕಾಯಿ ಮಾರಲು ಅದು ಯಾಕೆ ಬೇಕು? ಆಫ್ ಮಾಡಿದೆವು. ವಿವರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬಲ್ಲಿ 2 ತಿಂಗಳು, 14 ತಿಂಗಳು ಎಂಬ ಆಯ್ಕೆಗಳಿದ್ದವು. ‘ಎರಡು ಸಾಕು’ ಎಂದಳು.

ಕೊನೆಗೆ ಪುಟದ ಕೆಳಗೆ ಒಂದು ಸಣ್ಣ ಪಟ್ಟಿ. ವಾಕ್ಯ ದೊಡ್ಡಮ್ಮನದೇ: ‘ಎಷ್ಟು ಜನ ಬಂದಿರಿ, ಯಾವ ಪುಟ ನೋಡಿದಿರಿ ಎಂದು ತಿಳಿಯಲು ಎಣಿಸುತ್ತೇವೆ. ಎಣಿಸಬಹುದೇ?’ ಪಕ್ಕದಲ್ಲಿ ಎರಡು ಗುಂಡಿ: ‘ಆಗಲಿ’, ‘ಬೇಡ’. ‘ಆಗಲಿ’ ಎಂದರೆ ಮಾತ್ರ ಕೋಡ್ ಓಡುತ್ತದೆ. ಹಾಗೆ ಮಾಡಿದರೆ ಲೆಕ್ಕ ಇನ್ನೂ ಕಡಿಮೆ ಬರುತ್ತದೆ ಎಂದು ಎಚ್ಚರಿಸಿದೆ. ‘ಬರ್ಲಿ ಬಿಡು. ಬೇಡ ಅಂದವರನ್ನ ಎಣಿಸಿ ನಮಗೇನಾಗ್ಬೇಕು?’

ಹೊಸ ಸೈಟ್ ಮಾಡುತ್ತಿರುವ ಗೆಳೆಯ ಗೆಳತಿಯರಿಗೆ ಹೇಳುವುದಿಷ್ಟೇ. ಎಣಿಸುವ ಕೋಡನ್ನು ಮೊದಲ ದಿನವೇ ಹಾಕಿ, ಆದರೆ ಒಂದೇ ಸಲ ಹಾಕಿ. ಸಂಖ್ಯೆ ನೋಡುವ ಮೊದಲು ಅದರ ತಲೆಬರಹ ಓದಿ. ನಿಮ್ಮನ್ನೂ ಮನೆಯವರನ್ನೂ ಮೊದಲು ಲೆಕ್ಕದಿಂದ ಹೊರಗಿಡಿ. ಪ್ರತಿ ಲಿಂಕ್‌ಗೂ ಬಾಲ ಕಟ್ಟಿ. ಬಂದವರನ್ನು ಕೇಳಿ ಎಣಿಸಿ. ಮುಖ್ಯವಾಗಿ, ಆ ಸಂಖ್ಯೆ ನಂಬಿ ಮನೆಯವರು ದುಡ್ಡು ಹೂಡುವವರಿದ್ದರೆ, ಖುಷಿಯಿಂದ ಕೂಗುವ ಮೊದಲು ಒಂದು ವಾರ ತಡೆಯಿರಿ.

ಈಗಲೂ ರಾತ್ರಿ ಎಂಟಕ್ಕೆ ಕರೆ ಬರುತ್ತದೆ. ಪೂರ್ತಿ ಲೆಕ್ಕ ಸಿದ್ಧವಾಗಲು ಒಂದೆರಡು ದಿನ ಬೇಕು ಎಂದು ಹೇಳಿದ ಮೇಲೆ ಅವಳ ಪ್ರಶ್ನೆಯೂ ಬದಲಾಗಿದೆ.

‘ಕೂಸೇ, ಮೊನ್ನೆ ಎಷ್ಟು ಜನ ಬಂದ್ರು?’

‘ನಾಲ್ಕು ಜನ ದೊಡ್ಡಮ್ಮಾ.’

‘ಅದ್ರಲ್ಲಿ ನೀನೆಷ್ಟು?’